ಗಾಳಿ ಮನೆ ನಂಬರು ಕೇಳುವುದಿಲ್ಲ

ಝುವಾರಿನಗರದಲ್ಲಿ ತಗಡಿನ ಕೆಳಗೆ ಮಲಗುವ ನನ್ನ ಜನರೇ, ಪಣಜಿ-ಮಡಗಾಂವ-ವಾಸ್ಕೋಗಳಲ್ಲಿ ಸ್ಲ್ಯಾಬಿನ ಮನೆ ಕಟ್ಟಿಕೊಂಡು ನೆಲೆ ನಿಂತ ಕನ್ನಡಿಗರೇ, ಗೋವಾ ಕನ್ನಡಿಗರ ಹೆಸರೆತ್ತಿದೊಡನೆ ಎದೆ ತಟ್ಟಿಕೊಳ್ಳುವ ಬೆಂಗಳೂರಿನ ಹಿರಿಯರೇ, ಈ ಜನ ಎಬ್ಬಿಸಿದ ಗೋಡೆಗಳ ನಡುವೆಯೇ ಬಾಳುತ್ತಿರುವ ಗೋವೆಯ ಬಂಧುಗಳೇ,

ಇದು ಛಾವಣಿಯ ಮಾತು. ಮಹದಾಯಿಯದಲ್ಲ, ಗಡಿಯದಲ್ಲ, ನಾಮಫಲಕದ್ದೂ ಅಲ್ಲ. ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಹತ್ತು ನಿಮಿಷ ಬೀಸಿದ ಗಾಳಿಗೆ ಹಾರುವ ತಗಡು, ಅದರ ಕೆಳಗಿದ್ದ ಮಕ್ಕಳು, ಮರುದಿನ ಬಂದು ‘ಮನೆ ಅಧಿಕೃತವೋ’ ಎಂದು ಕೇಳುವ ಕಾಗದ. ಇಷ್ಟೇ ವಿಷಯ. ಆದರೆ ಈ ಇಷ್ಟರಲ್ಲಿ ನಮ್ಮೆಲ್ಲರ ಮಾನ ಅಡಗಿದೆ.

ಗೊತ್ತಿಲ್ಲದವರಿಗಾಗಿ ಊರಿನ ಬಗ್ಗೆ ಎರಡು ಮಾತು. ವಾಸ್ಕೋದಿಂದ ವೆರ್ಣಾ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಸಾಂಕವಾಳದ ಕೆಂಪು ಮುರಕಲ್ಲಿನ ದಿಣ್ಣೆಯ ಮೇಲಿದೆ ಝುವಾರಿನಗರ. 1967ರಲ್ಲಿ ಸ್ಥಾಪನೆಯಾಗಿ 1973ರಲ್ಲಿ ಉತ್ಪಾದನೆ ಶುರುಮಾಡಿದ ಝುವಾರಿ ರಸಗೊಬ್ಬರ ಕಾರ್ಖಾನೆಯಿಂದ ಬಂದ ಹೆಸರು. ಸುತ್ತಲಿನವರ ಬಾಯಲ್ಲಿ ಅದು ಈಗಲೂ ‘ಬಿರ್ಲಾ’. ಕಾರ್ಖಾನೆ ಬಂತು, ದಾಬೋಳಿ ವಿಮಾನ ನಿಲ್ದಾಣ ಬೆಳೆಯಿತು, ವೆರ್ಣಾದಲ್ಲಿ ಕೈಗಾರಿಕಾ ವಸಾಹತು ಎದ್ದಿತು, 2004ರಲ್ಲಿ ಬಿಟ್ಸ್ ಪಿಲಾನಿಯ ಕ್ಯಾಂಪಸ್ಸೂ ಬಂತು. ಅಷ್ಟಕ್ಕೂ ಕಲ್ಲು ಹೊತ್ತವರು, ಕಾಂಕ್ರೀಟು ಕಲಸಿದವರು, ಸೆಂಟ್ರಿಂಗ್ ಕಟ್ಟಿದವರು ಯಾರು? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು. ‘ದುಡಿಯಾಕ ಗ್ವಾವಾಕ ಹೋಗ್ಯಾರ’ ಅಂತ ಊರಲ್ಲಿ ಹೇಳಿಸಿಕೊಂಡವರು. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕನ್ನಡ ಮಾತೃಭಾಷೆಯವರ ಪ್ರಮಾಣ ಶೇಕಡಾ ನಾಲ್ಕೂವರೆಗಿಂತ ಮೇಲೆ. ಕೊಂಕಣಿ, ಮರಾಠಿ, ಹಿಂದಿ ಬಿಟ್ಟರೆ ನಾಲ್ಕನೆಯ ಭಾಷೆ ನಮ್ಮದೇ. ಬೇರೆಯವರ ಮನೆಗೆ ಸ್ಲ್ಯಾಬ್ ಹಾಕಿ, ಅದಕ್ಕೆ ನೀರುಣಿಸಿ, ಸಂಜೆ ಬಂದು ಇವರು ಮಲಗುವುದು ಮಾತ್ರ ತಗಡಿನ ಕೆಳಗೆ.

ಆ ತಗಡಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಏಪ್ರಿಲ್ ಕೊನೆ, ಮೇ ತಿಂಗಳು. ಹಗಲೆಲ್ಲ ಉಸಿರುಗಟ್ಟಿಸುವ ಶೆಕೆ. ಸಂಜೆಗೆ ಪೂರ್ವದಲ್ಲಿ, ಘಟ್ಟದ ಕಡೆ, ಕಪ್ಪು ಮೋಡ ಗೋಪುರದಂತೆ ಎದ್ದು ನಿಲ್ಲುತ್ತದೆ. ಮೋಡದಿಂದ ಬೀಳುವ ಮಳೆಹನಿ ಆವಿಯಾಗುತ್ತ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದದ್ದು ಭಾರವಾಗುತ್ತದೆ, ಭಾರವಾದದ್ದು ನೆಲಕ್ಕೆ ಬೀಳುತ್ತದೆ, ಬಿದ್ದದ್ದು ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಮಳೆ ಬರುವ ಮೊದಲು ಮುಖಕ್ಕೆ ಹೊಡೆಯುವ ಆ ತಣ್ಣನೆಯ ಗಾಳಿಯಿದೆಯಲ್ಲ, ಹಾಯ್ ಎನಿಸುತ್ತದಲ್ಲ, ಅದೇ ಇದು. ಬಯಲು ದಿಣ್ಣೆಯ ಮೇಲೆ ಅದನ್ನು ತಡೆಯಲು ಗುಡ್ಡವಿಲ್ಲ, ತೋಪಿಲ್ಲ. ಐದು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ಅಷ್ಟು ಹೊತ್ತಿನಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಗಾಳಿಯ ಒತ್ತಡದ ಲೆಕ್ಕ ಎಂಜಿನಿಯರುಗಳ ಕೈಪಿಡಿಯಲ್ಲಿದೆ. ಗಾಳಿಭಾರಕ್ಕೆ ನಮ್ಮ ದೇಶದ ಮಾನಕ ಐಎಸ್ 875ರ ಮೂರನೆಯ ಭಾಗ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು ಅದರ ವರ್ಗವನ್ನು 0.6ರಿಂದ ಗುಣಿಸಬೇಕು. ಗಂಟೆಗೆ 72 ಕಿಲೋಮೀಟರ್ ಗಾಳಿ ಎಂದರೆ ಸೆಕೆಂಡಿಗೆ 20 ಮೀಟರ್. ಒಂದು ಚದರ ಮೀಟರಿನ ಮೇಲೆ ಸುಮಾರು 24 ಕಿಲೋ ಬಲ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡಿನ ಪತ್ರಾ ಮೂರು ಚದರ ಮೀಟರಿಗೂ ಹೆಚ್ಚು. ಹಾಗಾಗಿ ಒಂದೊಂದು ಪತ್ರಾದ ಮೇಲೂ ಹೆಚ್ಚುಕಡಿಮೆ 80 ಕಿಲೋ ಬಲ ಬೀಳಬಹುದು. ಅಂಚಿನಲ್ಲಿ, ಮೂಲೆಯಲ್ಲಿ ಇನ್ನೂ ಹೆಚ್ಚು. ಈ ಬಲ ತಗಡನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಗಾಳಿ ಬರುವ ಕಡೆಯ ಬಾಗಿಲು ತೆರೆದಿದ್ದರೆ ಒಳಗಿನಿಂದಲೂ ನೂಕುತ್ತದೆ. ಆ ಪತ್ರಾದ ಸ್ವಂತ ತೂಕವೋ, ಹದಿನೈದು ಕಿಲೋ ಮುಟ್ಟಿದರೆ ಹೆಚ್ಚು. ಅದರ ಮೇಲೆ ನಾವು ಇಡುವುದು ನಾಲ್ಕು ಕಲ್ಲು, ಒಂದು ಹಳೆಯ ಟೈರು. ಗಾಳಿಯ ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದೇ ಮಾನಕ ಪಣಜಿಗೆ ಇಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ 140 ಕಿಲೋಮೀಟರ್. ಗೋವಾದಲ್ಲಿ ಕಟ್ಟುವ ಕಟ್ಟಡ ಅಷ್ಟು ತಡೆಯಬೇಕು ಎಂದು ಸರ್ಕಾರದ ಪುಸ್ತಕವೇ ಒಪ್ಪಿಕೊಂಡಿದೆ. ಆ ಗಾಳಿ ದಾಬೋಳಿಯ ಟರ್ಮಿನಲ್ಲಿಗೆ ಒಂದು, ಬಿರ್ಲಾದ ಚಾಳಿಗೆ ಇನ್ನೊಂದು ಎಂದು ಇಲ್ಲ.

ಇಲ್ಲಿ ಒಂದು ಸಂಕಟದ ಸಂಗತಿ ಇದೆ. ಈ ಜನ ಬಿಟ್ಟು ಬಂದ ಊರಿನಲ್ಲಿ ಅವರ ಅಜ್ಜಂದಿರ ಮನೆ ಹಾರುತ್ತಿರಲಿಲ್ಲ. ಬಾಗಲಕೋಟೆ, ಗದಗ ಕಡೆಯ ಮ್ಯಾಳಗಿ ಮನೆ ನೆನಪಿಸಿಕೊಳ್ಳಿ. ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಕಟ್ಟಿಗೆ, ಅದರ ಮೇಲೆ ಗೇಣು ದಪ್ಪದ ಮಣ್ಣಿನ ಮೇಲ್ಮುದ್ದಿ. ಚದರ ಮೀಟರಿಗೆ ಇನ್ನೂರು ಕಿಲೋ ಮೀರಿದ ತೂಕ. ಸೋರುತ್ತಿತ್ತು, ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ತುಳಿಯಬೇಕಿತ್ತು, ಹಸಿದ ಇಲಿ-ಹೆಗ್ಗಣ ಬೇರೆ. ಆದರೆ ಬಿರುಗಾಳಿಗೆ ಅದು ಅಲುಗುತ್ತಿರಲಿಲ್ಲ. ಗೋವೆಯವರ ಹಳೆಯ ಮನೆಗಳಿಗೂ ಅವುಗಳದೇ ಜಾಣತನವಿತ್ತು. ಇಳಿಜಾರು ಮಾಡು, ಮಂಗಳೂರು ಹೆಂಚು, ಹೆಂಚಿನ ಸಂದಿಯಲ್ಲಿ ಒಳಗಿನ ಗಾಳಿ ಹೊರಬೀಳಲು ದಾರಿ. ಎರಡೂ ಕಡೆಯ ಪರಂಪರೆ ಗಾಳಿಯನ್ನು ಬಲ್ಲದ್ದು. ನಡುವೆ ಸಿಕ್ಕಿಕೊಂಡ ನಮ್ಮವರ ಪಾಲಿಗೆ ಮಾತ್ರ ಬಂದದ್ದು ಎರಡರಲ್ಲಿ ಯಾವುದೂ ಅಲ್ಲದ ತಗಡು. ಬಡತನ ಮನುಷ್ಯನ ಕೈಯಿಂದ ದುಡ್ಡನ್ನಷ್ಟೇ ಕಿತ್ತುಕೊಳ್ಳುವುದಿಲ್ಲ, ತಲೆಮಾರಿನ ತಿಳಿವಳಿಕೆಯನ್ನೂ ಕಿತ್ತುಕೊಳ್ಳುತ್ತದೆ.

ಈಗ ಗಾಳಿ ಬಂದುಹೋಯಿತು ಎನ್ನಿ. ತಗಡು ಎರಡು ಓಣಿ ಆಚೆ ಬಿದ್ದಿದೆ. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ, ಆಧಾರ್ ಕಾರ್ಡು ಎಲ್ಲ ತೊಯ್ದಿವೆ. ಕಂಬದಿಂದ ಹರಿದ ತಂತಿ ಯಾರದೋ ತಗಡಿಗೆ ತಾಗಿಕೊಂಡಿರಬಹುದೆಂದು ಯಾರೂ ಗೋಡೆ ಮುಟ್ಟುತ್ತಿಲ್ಲ. ಇದು ವಿಪತ್ತು ಹೌದೋ ಅಲ್ಲವೋ? ಮಲಗಲು ಜಾಗವಿಲ್ಲದ ತಾಯಿಯನ್ನು ಕೇಳಿದರೆ ಒಂದು ಉತ್ತರ, ದಿಲ್ಲಿಯ ಕಡತವನ್ನು ಕೇಳಿದರೆ ಇನ್ನೊಂದು.

ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಸರ್ಕಾರ ಒಂದು ಪಟ್ಟಿ ಇಟ್ಟುಕೊಂಡಿದೆ. 2022ರಿಂದ 2026ರ ಅವಧಿಯ ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ ಇದ್ದವು. ಗುಡುಗು-ಮಿಂಚಿನ ಮಳೆಯ ಬಿರುಗಾಳಿ ಇರಲಿಲ್ಲ. ಸಿಡಿಲೂ ಇರಲಿಲ್ಲ. ಈ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. 2018ರ ಮೇ ಮೊದಲ ವಾರದಲ್ಲಿ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಒಂದೇ ರಾತ್ರಿಯ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಗೋಡೆ-ಮಾಡು ಮೈಮೇಲೆ ಬಿದ್ದು. ಆದರೂ ಪಟ್ಟಿ ಬದಲಾಗಲಿಲ್ಲ. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವೆಯ ಕರಾವಳಿ ಹಾದುಹೋದಾಗ ಇಬ್ಬರು ಸತ್ತರು, ಮರಗಳುರುಳಿದವು, ಮನೆಗಳ ಮಾಡು ಹೋದವು, ದಿನಗಟ್ಟಲೆ ಕರೆಂಟಿರಲಿಲ್ಲ. ತೌಕ್ತೆಗೆ ಹೆಸರಿತ್ತು, ಉಪಗ್ರಹದ ಚಿತ್ರವಿತ್ತು, ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿ ಇತ್ತು. ಪ್ರತಿ ವರ್ಷ ಹೆಸರಿಲ್ಲದೆ ಬಂದು ಒಂದು ಓಣಿಯ ಹತ್ತು ಮಾಡು ಎತ್ತಿಕೊಂಡು ಹೋಗುವ ಗಾಳಿಗೆ ಇವು ಯಾವುವೂ ಇಲ್ಲ.

ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರದ ಪಟ್ಟಿಯಲ್ಲಿ ಇಲ್ಲದ ವಿಪತ್ತನ್ನು ರಾಜ್ಯವು ತನ್ನ ಸ್ಥಳೀಯ ವಿಪತ್ತು ಎಂದು ಘೋಷಿಸಿ, ನಿಧಿಯ ಶೇಕಡಾ 10ರವರೆಗೆ ಅದಕ್ಕೆ ಬಳಸಬಹುದು. ಎಂದರೆ ಪಣಜಿಯಲ್ಲಿ ಒಂದು ಸಹಿ ಬಿದ್ದರೆ ಸಾಕು.

ಆದರೆ ಆ ಸಹಿ ಬಿದ್ದರೂ ಬಿರ್ಲಾದ ಮನೆಗೆ ಹಣ ತಲುಪುತ್ತದೆಯೇ? ಇಲ್ಲಿಗೆ ಬಂದರೆ ಕರುಳು ಕಿವುಚುತ್ತದೆ. 2022ರಿಂದ 2026ರ ಅವಧಿಗೆ ಕೇಂದ್ರ ಹೊರಡಿಸಿದ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಗುಡಿಸಲಿಗೆ 8,000. ಇವತ್ತಿನ ಬೆಲೆಗೆ ನಾಲ್ಕು ಸಾವಿರಕ್ಕೆ ಎಷ್ಟು ಪತ್ರಾ ಬರುತ್ತವೆ ಎಂದು ವಾಸ್ಕೋದ ಯಾವ ಹಾರ್ಡ್‌ವೇರ್ ಅಂಗಡಿಯವನಾದರೂ ಬೆರಳೆಣಿಸಿ ಹೇಳುತ್ತಾನೆ. ಅದಿರಲಿ. ಅದೇ ಮಾನದಂಡದ ಕೆಳಗೆ ಒಂದು ಸಾಲು ಇದೆ: ಹಾನಿಗೊಂಡ ಮನೆ ಅಧಿಕೃತ ನಿರ್ಮಾಣವಾಗಿರಬೇಕು, ರಾಜ್ಯ ಸರ್ಕಾರದ ಸಕ್ಷಮ ಅಧಿಕಾರಿ ಅದನ್ನು ದೃಢೀಕರಿಸಿರಬೇಕು. ಒಂದೇ ಒಂದು ಸಾಲು. ಆ ಸಾಲಿನ ಹೊರಗೆ ನಿಂತ ಮನೆಗಳನ್ನು ಎಣಿಸಲು ಹೊರಟರೆ ಝುವಾರಿನಗರದ ಓಣಿ ಓಣಿ ತಿರುಗಬೇಕು.

ಪಂಚನಾಮೆಗೆ ತಲಾಠಿ ಬರುತ್ತಾನೆ ಎನ್ನಿ. ಮಾತು ಹೀಗೇ ಸಾಗುತ್ತದೆ.

‘ಘರಪಟ್ಟಿ ಐತೇನು?’

‘ಐತ್ರಿ ಸಾಹೇಬ್ರ, ವರ್ಷಾ ವರ್ಷಾ ತುಂಬೇವಿ.’

‘ಅದು ತೆರಿಗಿ. ಪರವಾನಗಿ ಐತೇನು?’

‘ಕರೆಂಟ್ ಬಿಲ್ಲ ಐತ್ರಿ, ವೋಟರ್ ಕಾರ್ಡ್ ಐತ್ರಿ, ರೇಷನ್ ಕಾರ್ಡ್ ಐತ್ರಿ.’

ತೆರಿಗೆ ತೆಗೆದುಕೊಳ್ಳಲು ಮನೆ ಇದೆ. ಮತ ಕೇಳಲು ಬರುವಾಗ ಬಾಗಿಲು ಇದೆ. ಮಾಡು ಹಾರಿದ ದಿನ ಮಾತ್ರ ಆ ಜಾಗದಲ್ಲಿ ಮನೆಯೇ ಇರಲಿಲ್ಲ! ತಲಾಠಿಯದು ತಪ್ಪೆನ್ನಲಾರೆ, ಆತ ಫಾರಂ ತುಂಬುವವನು. ಫಾರಂ ಬರೆದವರನ್ನು ಕೇಳುತ್ತಿದ್ದೇನೆ.

ಇದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲಿದೆ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬಿರ್ಲಾದ ಖೋಲಿಗಳಲ್ಲಿ ಇರುವವರಲ್ಲಿ ಬಾಡಿಗೆಯವರು ಬಹಳ. ಮಾಡು ಹೋದರೆ ಪರಿಹಾರ ಯಾರಿಗಾದರೂ ಸಿಕ್ಕರೆ ಮಾಲಕನಿಗೆ. ತೊಯ್ದದ್ದು ಬಾಡಿಗೆಯವರ ಅಕ್ಕಿ. ಮಾಲಕರಲ್ಲಿ ಸ್ಥಳೀಯರೂ ಇದ್ದಾರೆ, ಮೂವತ್ತು ವರ್ಷದ ಹಿಂದೆ ಇದೇ ತಗಡಿನ ಕೆಳಗೆ ಮಲಗಿದ್ದ ನಮ್ಮವರೂ ಇದ್ದಾರೆ. ಆ ನಮ್ಮವರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಣ್ಣಾ, ಹತ್ತಡಿ ಖೋಲಿಗೆ ತಿಂಗಳು ತಪ್ಪದೆ ಬಾಡಿಗೆ ಎಣಿಸಿಕೊಳ್ಳುತ್ತೀ. ಪತ್ರಾಕ್ಕೆ ನಾಲ್ಕು ಹುಕ್ಕು ಹೆಚ್ಚು ಹಾಕಿಸಲು ಏನಡ್ಡಿ? ಊರಿಂದ ಬಂದ ಹುಡುಗ ನಿನ್ನನ್ನು ‘ಕಾಕಾ’ ಅನ್ನುತ್ತಾನೆ. ಆ ಕರೆಯ ಬೆಲೆ ಬಾಡಿಗೆ ರಸೀದಿಯಲ್ಲಿ ಬರುವುದಿಲ್ಲ.

ಗೋವೆಯ ಬಂಧುಗಳು ಇಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. ‘ಆ ಜಾಗ ಯಾರದ್ದು? ಊರಿನ ಕೊಮುನಿದಾದ್‌ದು. ಅತಿಕ್ರಮಣಕ್ಕೆ ಪರಿಹಾರ ಕೊಟ್ಟರೆ ನಾಳೆ ಇನ್ನೂ ನೂರು ಜನ ಬಂದು ಕೂರುವುದಿಲ್ಲವೇ?’ ಇದನ್ನು ದ್ವೇಷದ ಮಾತು ಎಂದು ತಳ್ಳಿಹಾಕುವುದು ಅಪ್ರಾಮಾಣಿಕತೆ. ಕೊಮುನಿದಾದ್ ಎಂದರೆ ಪೋರ್ಚುಗೀಸರು ಬರುವ ಮೊದಲೇ ಇದ್ದ ಗಾಂವಕಾರಿ ಪದ್ಧತಿ. ಊರ ಜಮೀನು ಊರಿನದೇ ಎಂಬ ಆ ವ್ಯವಸ್ಥೆ ಕಣ್ಣೆದುರು ಕರಗುವುದನ್ನು ನೋಡುವವರ ಹೊಟ್ಟೆಯ ಉರಿ ನಿಜ. ತಮ್ಮದಲ್ಲದ ಜಾಗವನ್ನು ಬಿಳಿ ಹಾಳೆಯ ಮೇಲೆ ಬರೆದು ಕೂಲಿಯವನಿಗೆ ಮಾರಿ ದುಡ್ಡು ಮಾಡಿಕೊಂಡ ದಲ್ಲಾಳಿಗಳಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಅವರ ಪರವಾಗಿ ನನ್ನ ಬಳಿ ಒಂದಕ್ಷರವೂ ಇಲ್ಲ. ಆದರೆ ಜಾಗದ ಹಕ್ಕು ಬೇರೆ, ಮಳೆಯಲ್ಲಿ ನಿಂತ ಮಗುವಿನ ತಲೆಯ ಮೇಲಿನ ಹೊದಿಕೆ ಬೇರೆ. ಹಕ್ಕಿನ ವ್ಯಾಜ್ಯ ಹತ್ತು ವರ್ಷ ನಡೆಯಲಿ, ನ್ಯಾಯಾಲಯ ಹೇಳಿದಂತಾಗಲಿ. ಹೊದಿಕೆ ಇವತ್ತು ರಾತ್ರಿಗೇ ಬೇಕು. ತಾಡಪತ್ರಿ ಹಂಚಿದರೆ ಪಟ್ಟಾ ಹಂಚಿದಂತಾಗುವುದಿಲ್ಲ.

ಇದು ನಾನು ಕಂಡುಹಿಡಿದ ವಿವೇಕವಲ್ಲ. ಮುಂಬೈಯ ಪಾದಚಾರಿ ದಾರಿಯ ನಿವಾಸಿಗಳ ಪ್ರಕರಣದಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಪ್ರಸಿದ್ಧವಾದದ್ದರಲ್ಲಿ, 1985ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಪಾದಚಾರಿ ದಾರಿಯನ್ನು ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂದೇ ಹೇಳಿತು. ಜೊತೆಗೆ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಮಳೆಗಾಲ ಮುಗಿದು ಒಂದು ತಿಂಗಳಾಗುವವರೆಗೆ, ಅಕ್ಟೋಬರ್ 31ರವರೆಗೆ, ಅವರನ್ನು ಎಬ್ಬಿಸಕೂಡದು ಎಂದೂ ಹೇಳಿತು. ಅಕ್ರಮ ಎಂದು ಹೇಳಿದ ಬಾಯಿಂದಲೇ ಮಳೆಯಲ್ಲಿ ನಿಲ್ಲಿಸಬೇಡಿ ಎಂದೂ ಹೇಳಬಹುದು. ನಲವತ್ತು ವರ್ಷದ ಹಿಂದೆಯೇ ಹೇಳಿಯಾಗಿದೆ.

ಆ ತೀರ್ಪಿನ ಆತ್ಮ ಗೋವೆಯಲ್ಲಿ ಏನಾಯಿತು ಎಂಬುದನ್ನು ವಾಸ್ಕೋ ಬಳಿಯ ಬೈನಾದ ಕನ್ನಡಿಗರನ್ನು ಕೇಳಿ. 2004ರ ಜೂನ್ 14. ಮುಂಗಾರಿನ ನಡುವೆ ಬೈನಾ ಕಡಲತೀರದ ನೂರಾರು ಗುಡಿಸಲುಗಳ ಮೇಲೆ ಬುಲ್ಡೋಜರ್ ಹರಿಯಿತು. ಅಲ್ಲಿನ ವೇಶ್ಯಾವಾಟಿಕೆ ತೆರವು ಮಾಡುವ ನೆಪದಲ್ಲಿ ಆ ದಂಧೆಗೆ ಸಂಬಂಧವೇ ಇಲ್ಲದ ಕೂಲಿ ಕುಟುಂಬಗಳೂ ಬೀದಿಗೆ ಬಿದ್ದವು. 2017ರ ಸೆಪ್ಟೆಂಬರಿನಲ್ಲಿ, ಮಳೆ ಇನ್ನೂ ಹಿಂದೆ ಸರಿಯುವ ಮೊದಲೇ, ಉಳಿದಿದ್ದ ಐವತ್ತೈದು ಮನೆಗಳನ್ನೂ ಕೆಡವಿದರು. ಆಗ ಬೆಂಗಳೂರಿನಲ್ಲಿ ಹೇಳಿಕೆಗಳ ಸುರಿಮಳೆಯಾಯಿತು. ಹೇಳಿಕೆಗಳಿಂದ ಒಂದು ಮಾಡೂ ಕಟ್ಟಲಾಗಲಿಲ್ಲ.

ಇನ್ನು ಬೆಂಗಳೂರಿಗೇ ಬರುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ರೋಣ, ನರಗುಂದದ ಊರುಗಳು ಮುಳುಗಿದಾಗ ಕರ್ನಾಟಕ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ಮಾನದಂಡ ಮೀರಿ ಕೊಟ್ಟದ್ದು, ಒಳ್ಳೆಯ ಕೆಲಸ. ಅದೇ ಬಾದಾಮಿ ತಾಲೂಕಿನಿಂದ ಹೊಟ್ಟೆಪಾಡಿಗೆ ಘಟ್ಟ ಇಳಿದವನ ಮಾಡು ಝುವಾರಿನಗರದಲ್ಲಿ ಹೋದರೆ ಅವನು ಯಾರವನು? ಗೋವಾ ಹೇಳುತ್ತದೆ, ಕರ್ನಾಟಕದವನು. ಕರ್ನಾಟಕ ಹೇಳುತ್ತದೆ, ಗೋವಾದಲ್ಲಿರುವವನು. ಊರ ಜಾತ್ರೆಗೆ ದೇಣಿಗೆ, ಊರ ಚುನಾವಣೆಗೆ ಮತ ಕೊಡಲು ಬಸ್ಸು ಮಾಡಿ ಕರೆಸಿಕೊಳ್ಳುತ್ತೀರಲ್ಲ ಸ್ವಾಮಿ, ಆಗ ಅವನು ಯಾವ ರಾಜ್ಯದವನು ಎಂದು ನಿಮಗೆ ಸಂಶಯ ಬರುವುದಿಲ್ಲ. ಗೋವಾದಲ್ಲಿ ಕನ್ನಡ ಭವನದ ಮಾತು ವರ್ಷಗಳಿಂದ ನಡೆದಿದೆ. ಭವನ ಬೇಡವೆನ್ನುವುದಿಲ್ಲ. ಆದರೆ ಆ ಭವನದ ನಕ್ಷೆಯಲ್ಲಿ ಒಂದು ದೊಡ್ಡ ಹಾಲ್ ಇರಲಿ, ಗಾಳಿಮಳೆಯ ರಾತ್ರಿ ಇನ್ನೂರು ಜನ ಮಲಗುವಂಥದ್ದು. ಅದು ಇಲ್ಲದಿದ್ದರೆ ಅದು ಕನ್ನಡದ ಭವನ, ಕನ್ನಡಿಗರದಲ್ಲ.

ಗೋವಾದ ಕನ್ನಡ ಸಂಘಗಳ ಗೆಳೆಯರೇ, ನಿಮಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಮನೆಯವರೆಂಬ ಸಲಿಗೆಯಿಂದ. ನವೆಂಬರಿನಲ್ಲಿ ಪೆಂಡಾಲು, ಕಟೌಟು, ಡೊಳ್ಳು, ಬೆಂಗಳೂರಿನಿಂದ ಬಂದ ಅತಿಥಿಗೆ ಶಾಲು-ಪೇಟ. ಆಗಲಿ, ಪರ ಊರಿನಲ್ಲಿ ಹಬ್ಬವೂ ಬೇಕು. ಒಂದು ವರ್ಷ, ಒಂದೇ ವರ್ಷ, ಪೆಂಡಾಲಿನ ಖರ್ಚಿನಲ್ಲಿ ಅರ್ಧ ಉಳಿಸಿ ಮಾರ್ಚಿ ತಿಂಗಳಿಗೆ ಇಡಿ. ಪತ್ರಾ ಬಿಗಿಯುವ ಜೆ-ಹುಕ್ಕು ಒಂದಕ್ಕೆ ಹೆಚ್ಚೂಕಡಿಮೆ ಚಹಾದ ಬೆಲೆ. ಮನೆಯೊಂದಕ್ಕೆ ಹಾಕುವ ಹುಕ್ಕು, ವಾಶರ್, ಬಿಗಿಯುವ ಪಟ್ಟಿ ಎಲ್ಲ ಸೇರಿದರೂ ಒಂದು ಕಟೌಟಿನ ಬೆಲೆ ಆಗುವುದಿಲ್ಲ. ಕಟೌಟಿನ ಮಾತು ಬಂತು ಎಂದು ನೆನಪಿಸುತ್ತೇನೆ: 2024ರ ಮೇ 13ರ ಸಂಜೆ ಮುಂಬೈಯ ಘಾಟ್ಕೋಪರಿನಲ್ಲಿ ಇಂಥದೇ ಗುಡುಗುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಮಗುಚಿದ್ದು 120 ಅಡಿಗೆ 120 ಅಡಿಯ ಜಾಹೀರಾತು ಫಲಕ. ಅಲ್ಲಿ 40 ಅಡಿಗಿಂತ ದೊಡ್ಡದಕ್ಕೆ ಪರವಾನಗಿಯೇ ಇರಲಿಲ್ಲ. ಹದಿನೇಳು ಜನ ಹೋದರು. ಅಕ್ರಮ ಫಲಕ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಡವನ ಅಕ್ರಮ ಮಾಡು ಮಾತ್ರ ಪಂಚನಾಮೆಯ ದಿನ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಕೆಲಸ ಏನು ಎಂದು ಕೇಳುವವರಿಗೆ ಕೆಲಸವನ್ನೂ ಹೇಳುತ್ತೇನೆ. ಬಿರ್ಲಾದ ಬಹಳ ಮನೆಗಳಲ್ಲಿ ಪತ್ರಾ ಪೈಪಿಗೆ ಬಿಗಿದಿರುತ್ತದೆ, ಆದರೆ ಪೈಪು ಗೋಡೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಗಾಳಿ ಬಂದರೆ ಪೈಪಿನ ಸಮೇತ ಇಡೀ ಮಾಡು ಎದ್ದು ಹೋಗುತ್ತದೆ. ಪತ್ರಾ ಪೈಪಿಗೆ, ಪೈಪು ಗೋಡೆಗೆ, ಗೋಡೆ ಪಾಯಕ್ಕೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಉಳಿದ ಹುಕ್ಕು ಹಾಕಿದ್ದು ವ್ಯರ್ಥ. ಅಂಚಿನ ಸಾಲು, ಮೂಲೆ, ನೆತ್ತಿ ಈ ಮೂರು ಕಡೆ ಹುಕ್ಕು ಒತ್ತೊತ್ತಾಗಿರಬೇಕು, ಹಾರುವುದು ಅಲ್ಲಿಂದಲೇ ಶುರುವಾಗುತ್ತದೆ. ಗೋಡೆಯ ಮೇಲಿನ ಎರಡು ವರಸೆ ಕಲ್ಲಿನ ಕೆಳಗಿನಿಂದ ಕಬ್ಬಿಣದ ಪಟ್ಟಿ ತಂದು ಪೈಪಿಗೆ ಸುತ್ತಿ ಬೋಲ್ಟ್ ಹಾಕಬೇಕು. ಮಾಡಿನ ಮೇಲಿನ ಕಲ್ಲು, ಟೈರು ತೆಗೆದುಹಾಕಿ, ಅವು ಗಾಳಿಯನ್ನು ತಡೆಯುವುದಿಲ್ಲ, ಮಲಗಿದವರ ತಲೆಯ ಮೇಲೆ ಉರುಳುತ್ತವೆ. ಗಾಳಿ ಎದ್ದೊಡನೆ ಗಾಳಿ ಬರುವ ಕಡೆಯ ಬಾಗಿಲು-ಕಿಟಕಿ ಮುಚ್ಚಿ. ಮೇನ್ ಸ್ವಿಚ್ ಆರಿಸಿ. ಇದನ್ನು ಕಲಿಸಲು ಹೊರಗಿನಿಂದ ಯಾರೂ ಬರಬೇಕಿಲ್ಲ. ವೆಲ್ಡಿಂಗ್ ಮಾಡುವವರು, ಫ್ಯಾಬ್ರಿಕೇಶನ್ ಮಾಡುವವರು, ಗೌಂಡಿಗಳು, ಎಲೆಕ್ಟ್ರಿಷಿಯನ್ನರು, ಇಡೀ ಮುರಗಾಂವ ತಾಲೂಕಿಗೆ ಬೇಕಾದ ಕೈಗಳು ಇದೇ ಓಣಿಗಳಲ್ಲಿವೆ. ಊರಿನಲ್ಲಿ ಮುಯ್ಯಿ ಆಳು ಹೋಗುತ್ತಿದ್ದೆವಲ್ಲ, ನನ್ನ ಹೊಲಕ್ಕೆ ನೀ ಬಾ, ನಿನ್ನ ಹೊಲಕ್ಕೆ ನಾ ಬರ್ತೀನಿ ಅಂತ, ಆ ಪದ್ಧತಿಯನ್ನು ಘಟ್ಟದ ಮೇಲೆಯೇ ಬಿಟ್ಟು ಬಂದೆವೇ?

ಮುಂದೂಡುವುದಕ್ಕೂ ಹೊತ್ತಿಲ್ಲ. ಮಿರಗ ಮಳೆಗೆ ಇನ್ನೂ ದಿನವಿದೆ ಎಂದು ಮೇ ಕೊನೆಗೆ ಪ್ಲಾಸ್ಟಿಕ್ ಹೊದಿಸುವ ರೂಢಿ ನಮ್ಮದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಎರಡೇ ದಿನಕ್ಕೆ ಗೋವಾ ದಾಟಿ ಮುಂಬೈ ಮುಟ್ಟಿತು. ಪಂಚಾಂಗ ನೋಡಿ ಮಾಡು ಕಟ್ಟುವ ಕಾಲ ಹೋಯಿತು. ಹೋಳಿ ಹುಣ್ಣಿಮೆಗೆ ಕೆಲಸ ಶುರುವಾಗಬೇಕು, ಯುಗಾದಿಗೆ ಮುಗಿಯಬೇಕು. ಹುಡುಗರು ಫೋನಿನಲ್ಲಿ ಹವಾಮಾನ ಇಲಾಖೆಯ ‘ಮೌಸಮ್’, ಸಿಡಿಲಿನ ‘ದಾಮಿನಿ’ ಹಾಕಿಕೊಳ್ಳಲಿ. ಗಾಳಿ ಬರುವ ಮುಂಚೆಯೇ ಎಚ್ಚರಿಕೆ ಬರುತ್ತದೆ. ಕೂಲಿಯಿಂದ ಬಂದು ತಡವಾಗಿ ಮಲಗಿದವರನ್ನು ಎಬ್ಬಿಸಲು ಓಣಿಗೊಬ್ಬ ಹುಡುಗ, ಒಂದು ಸೀಟಿ ಸಾಕು.

ಬಿಟ್ಸ್ ಕ್ಯಾಂಪಸ್ಸಿನ ಎಂಜಿನಿಯರಿಂಗ್ ಮಕ್ಕಳೇ, ನಿಮ್ಮ ಹಾಸ್ಟೆಲಿನ ಗೋಡೆಗಳನ್ನು ಕಟ್ಟಿದ ಕೈಗಳು ನಿಮ್ಮ ಗೇಟಿನಿಂದ ಸ್ವಲ್ಪವೇ ದೂರದಲ್ಲಿವೆ. ಎರಡು ಶನಿವಾರ ಟೇಪು, ಸ್ಪ್ಯಾನರು ಹಿಡಿದು ಬನ್ನಿ. ಯಾವ ಮಾಡು ಎಷ್ಟು ಗಾಳಿಗೆ ನಿಂತೀತು ಎಂದು ಅಳೆದು ಕೊಡಿ. ಪಠ್ಯದ ಸೂತ್ರ ಅಷ್ಟು ಚೆನ್ನಾಗಿ ಎಲ್ಲೂ ಅರ್ಥವಾಗದು.

ಸರ್ಕಾರದ ಬಳಿ ದುಡ್ಡಿಲ್ಲ ಎಂಬ ಮಾತನ್ನು ಒಪ್ಪಬೇಡಿ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯ ಕಾಲದಿಂದ ಕಟ್ಟಡಗಳ ವೆಚ್ಚದ ಮೇಲೆ ಸೆಸ್ಸು ವಸೂಲಾಗುತ್ತ ಬಂದಿದೆ. ಮಂಡಳಿಯಲ್ಲಿ ನೋಂದಾಯಿಸಿದ ಕಾರ್ಮಿಕನಿಗೆ ಮನೆ ಕಟ್ಟಲು ಸಾಲ, ಮುಂಗಡ ಕೊಡುವ ಅವಕಾಶ ಆ ಕಾಯಿದೆಯಲ್ಲೇ ಇತ್ತು. ಸೆಸ್ಸು ಹುಟ್ಟಿದ್ದೇ ಇವರ ಬೆವರಿನಿಂದ. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಕೇರಳ ನೋಡಿ, 2019ರಲ್ಲಿ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಹೊರರಾಜ್ಯದ ಕಾರ್ಮಿಕರಿಗೆಂದೇ ನೂರಾರು ಹಾಸಿಗೆಯ ‘ಅಪ್ನಾ ಘರ್’ ಕಟ್ಟಿತು. ಗೋವಾ ವಿಧಾನಸಭೆಯೂ 2025ರಲ್ಲಿ, 2014ರ ಫೆಬ್ರವರಿ 28ಕ್ಕೆ ಮುಂಚಿನ ಮನೆಗಳನ್ನು ಸಕ್ರಮಗೊಳಿಸುವ ತಿದ್ದುಪಡಿಗಳನ್ನು ತಂದಿತು. ಅದರ ಸರಿ-ತಪ್ಪಿನ ಚರ್ಚೆ ನಡೆಯಲಿ. ನಾನು ಕೇಳುವುದು ಅದಕ್ಕಿಂತ ಬಹಳ ಸಣ್ಣದು: ಬಿರುಗಾಳಿಯನ್ನು ಸ್ಥಳೀಯ ವಿಪತ್ತೆಂದು ಬರೆಯಿರಿ, ತುರ್ತು ಪರಿಹಾರವನ್ನು ಜಾಗದ ಕಾಗದದಿಂದ ಬಿಡಿಸಿ, ಬಾಡಿಗೆಯವರ ಹೆಸರನ್ನೂ ಪಂಚನಾಮೆಯಲ್ಲಿ ಬರೆಯಿರಿ.

ಈ ಮೂರು ಬೇಡಿಕೆಯ ಅರ್ಜಿಯನ್ನು ಒಂದೇ ಹಾಳೆಯಲ್ಲಿ ಕೊಂಕಣಿ, ಕನ್ನಡ ಎರಡರಲ್ಲೂ ಬರೆಯಿರಿ. ಕೊಂಕಣಿಯಲ್ಲಿ ಬರೆಯಲು ಪಕ್ಕದ ಮನೆಯವರನ್ನೇ ಕೇಳಿ, ಬರೆದುಕೊಡುತ್ತಾರೆ. ಓಣಿಯಲ್ಲಿ ಹೋದ ವರ್ಷ ಯಾರ ಯಾರ ಮಾಡು ಹೋಗಿತ್ತು, ಯಾರಿಗೆ ಪೆಟ್ಟಾಯಿತು, ಯಾವ ಕಂಬ ವಾಲಿದೆ, ಯಾವ ಮರದ ಕೊಂಬೆ ತಂತಿಯ ಮೇಲಿದೆ ಎಂಬ ಪಟ್ಟಿ ಜೊತೆಗಿರಲಿ. ಫೋಟೋ ಇರಲಿ. ಒಂದು ಪ್ರತಿ ಸಾಂಕವಾಳ ಪಂಚಾಯತಿಗೆ, ಒಂದು ವಾಸ್ಕೋದ ಮಾಮಲೇದಾರ ಕಚೇರಿಗೆ, ಒಂದು ಪಣಜಿಗೆ, ಒಂದು ಬೆಂಗಳೂರಿಗೆ. ಕೂಲಿ ಬಿಟ್ಟು ಎಲ್ಲರೂ ಹೋಗುವುದು ಬೇಡ. ಓಣಿಗೊಬ್ಬರು ಹೋಗಿ, ಅವರ ಆ ದಿನದ ಪಗಾರವನ್ನು ಉಳಿದವರು ಹಂಚಿಕೊಳ್ಳಿ. ಹೆಣ್ಣುಮಕ್ಕಳು ಮುಂದೆ ನಿಲ್ಲಲಿ, ತೊಯ್ದ ಒಲೆಯ ಮುಂದೆ ಕೂತವರು ಅವರೇ. ಅರ್ಜಿ ಕೊಟ್ಟು ಬರೀ ಕೈಯಲ್ಲಿ ವಾಪಸ್ ಬರಬೇಡಿ. ಇನ್ವರ್ಡ್ ನಂಬರು ಬರೆಸಿಕೊಂಡು, ಸಿಕ್ಕಾ ಹಾಕಿಸಿಕೊಂಡೇ ಬನ್ನಿ.